ಚಾರ್ಜರ್ ಹಾಲ್‌ಗೆ ಹೋದ ಮೇಲೆ

ಅವತ್ತು ಆಫೀಸಿನ ಲಿಫ್ಟ್ ಕೆಟ್ಟು ನಿಂತಿತ್ತು. ನಮ್ಮ ಆಫೀಸು ಇರುವುದು ನಾಲ್ಕನೇ ಮಹಡಿಯಲ್ಲಿ. ಮೆಟ್ಟಿಲು ಹತ್ತುತ್ತಿರುವಾಗಲೇ ಅಕ್ಕನ ಫೋನ್ ಬಂತು. ಮಾತಾಡುತ್ತಲೇ ಹತ್ತಿದೆ. ಎರಡನೇ ಮಹಡಿಗೆ ಬರುವಷ್ಟರಲ್ಲಿ ಒಂದು ಮಾತಿಗೆ ಎರಡು ಉಸಿರು ಬೇಕಾಗುತ್ತಿತ್ತು.

"ಯಾಕೋ, ಓಡ್ತಾ ಇದ್ದೀಯಾ?" ಅಂದಳು ಅಕ್ಕ.

"ಇಲ್ಲಕ್ಕಾ, ಮೆಟ್ಟಿಲು ಹತ್ತಾ ಇದ್ದೀನಿ."

"ಎಷ್ಟು ಮಹಡಿ ಹತ್ತಿದೆ?"

ಎರಡು ಅನ್ನೋಕೆ ನಾಚಿಕೆಯಾಯಿತು. "ಐದು" ಅಂದುಬಿಟ್ಟೆ. ನಮ್ಮ ಕಟ್ಟಡದಲ್ಲಿ ಇರುವುದೇ ನಾಲ್ಕು ಮಹಡಿ ಅಂತ ಅಕ್ಕನಿಗೆ ಚೆನ್ನಾಗಿ ಗೊತ್ತು. ಅವಳು ಏನೂ ಅನ್ನಲಿಲ್ಲ. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ನನಗೆ ಆಗ 43 ವರ್ಷ. ಹೇಳಿಕೊಳ್ಳುವಂಥ ಕಾಯಿಲೆ ಏನೂ ಇರಲಿಲ್ಲ. ಕುತ್ತಿಗೆ ಸದಾ ಹಿಡಿದುಕೊಂಡಿರುತ್ತಿತ್ತು. ರಾತ್ರಿ ಐದೂವರೆ ತಾಸು ನಿದ್ದೆ ಆದರೆ ದೊಡ್ಡದು. ಮಧ್ಯಾಹ್ನ ಮೂರರ ಹೊತ್ತಿಗೆ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಸಂಜೆ ಮನೆಯಲ್ಲಿ ಯಾರಾದರೂ ಚಮಚ ಬೀಳಿಸಿದರೂ ರೇಗುತ್ತಿದ್ದೆ. ವಯಸ್ಸಾಯಿತು, ಕೆಲಸ ಜಾಸ್ತಿ, ಇದೆಲ್ಲ ಇದ್ದದ್ದೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮೆಟ್ಟಿಲಿನ ಪ್ರಸಂಗ ಆದ ವಾರ ಡಾಕ್ಟರ ಹತ್ತಿರ ಹೋದೆ. ಬಿಪಿ 138/88 ಇತ್ತು. "ಗಡಿಯ ಮೇಲೆ ಕೂತಿದ್ದೀರಿ. ಈಗಲೇ ಮಾತ್ರೆ ಬೇಡ. ನಿದ್ದೆ ಸರಿ ಮಾಡಿಕೊಳ್ಳಿ, ದಿನಾ ನಡೀರಿ. ಕೆಲವು ತಿಂಗಳು ಬಿಟ್ಟು ನೋಡೋಣ," ಅಂದರು.

ಅವರು ಹೇಳಿದ್ದು ಎರಡು. ನಾನು ಅದನ್ನು ಎಂಟು ಮಾಡಿಕೊಂಡೆ.

ಆ ಭಾನುವಾರ ರಾತ್ರಿ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ಮಾಡಿದೆ. ಬೆಳಿಗ್ಗೆ 5ಕ್ಕೆ ಏಳುವುದು. 45 ನಿಮಿಷ ನಡಿಗೆ. 30 ನಿಮಿಷ ವ್ಯಾಯಾಮ. 20 ನಿಮಿಷ ಧ್ಯಾನ. ಮೂರು ಲೀಟರ್ ನೀರು. ಸಕ್ಕರೆ ಬಂದ್. 30 ಪುಟ ಓದು. ರಾತ್ರಿ ಡೈರಿ. ಮಾಡಿದ್ದಕ್ಕೆ ಹಸಿರು, ಬಿಟ್ಟಿದ್ದಕ್ಕೆ ಕೆಂಪು ಬಣ್ಣ ತಾನಾಗೇ ಬರುವ ಹಾಗೆ ಫಾರ್ಮುಲಾ ಹಾಕಿದೆ. ಎಲ್ಲ ಮುಗಿಸಿ ಮಲಗುವಾಗ ರಾತ್ರಿ ಒಂದು ಗಂಟೆ. ನಾಲ್ಕು ತಾಸು ಬಿಟ್ಟು ಅಲಾರಂ!

ಮೊದಲ ನಾಲ್ಕು ದಿನ ಶೀಟ್ ತುಂಬ ಹಸಿರು. ಸಿಕ್ಕಿದವರಿಗೆಲ್ಲ ತೋರಿಸಿದೆ. ಐದನೇ ದಿನ ಮೊಣಕಾಲು ನೋವು. ಆರನೇ ದಿನ ಧ್ಯಾನಕ್ಕೆ ಕೂತವನು ಕೂತಲ್ಲೇ ನಿದ್ದೆ ಹೋದೆ. ಅದಕ್ಕೆ ಹಸಿರು ಕೊಡಬೇಕೋ ಕೆಂಪು ಕೊಡಬೇಕೋ ಅಂತ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಎಂಟನೇ ದಿನ ಕೆಲಸ ಮುಗಿಯುವಾಗ ನಡುರಾತ್ರಿ. ಒಂಬತ್ತನೇ ದಿನ ಅಲಾರಂ ಹೊಡೆದಾಗ ಅದರ ಬಾಯಿ ಮುಚ್ಚಿ ಮಗ್ಗುಲು ಬದಲಿಸಿದೆ. ಆಮೇಲೆ ಆ ಶೀಟನ್ನು ತೆರೆಯಲೇ ಇಲ್ಲ. ಕೆಂಪು ನೋಡೋಕೆ ಯಾರಿಗೆ ಮನಸ್ಸು ಬರುತ್ತೆ?

ನಾನು ಸೋಮಾರಿ, ನನ್ನ ಕೈಲಾಗದು ಅಂತ ತೀರ್ಮಾನಕ್ಕೆ ಬಂದೆ. ತಿಂಗಳು ಕಳೆದ ಮೇಲೆ ಒಂದು ದಿನ ಸುಮ್ನೆ ಕೂತು ಲೆಕ್ಕ ಹಾಕಿದೆ. ನಡಿಗೆ, ವ್ಯಾಯಾಮ, ಧ್ಯಾನ, ಓದು, ಡೈರಿ ಸೇರಿದರೆ ದಿನಕ್ಕೆ ಎರಡೂವರೆ ತಾಸು. ನನ್ನ ದಿನದಲ್ಲಿ ಅಷ್ಟು ಜಾಗ ಎಲ್ಲಿತ್ತು? ಆಫೀಸಿನ ಕೆಲಸ ಕಡಿಮೆಯಾಗಿರಲಿಲ್ಲ. ಫೋನ್ ನೋಡುವುದನ್ನು ಬಿಟ್ಟಿರಲಿಲ್ಲ. ಆ ಎರಡೂವರೆ ತಾಸನ್ನು ಪೂರ್ತಿ ನಿದ್ದೆಯಿಂದಲೇ ಕದ್ದಿದ್ದೆ. ಮೊದಲೇ ಅರೆನಿದ್ದೆಯ ಮನುಷ್ಯ ನಾನು. ಎಂಟು ದಿನ ನಡೆದಿದ್ದೇ ಹೆಚ್ಚು.

"21 ದಿನ ತಡ್ಕೊಂಡಿದ್ರೆ ಅಭ್ಯಾಸ ಆಗಿಬಿಡ್ತಿತ್ತು," ಅಂದ ಆಫೀಸಿನ ಗೆಳೆಯ. ಈ 21 ದಿನದ ಮಾತು ನೀವೂ ಕೇಳಿರುತ್ತೀರಿ. ಅದು ಎಲ್ಲಿಂದ ಬಂತು ಅಂತ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಮುಖದ ಆಪರೇಷನ್ ಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಅನಿಸೋಕೆ ಕಡಿಮೆ ಅಂದರೂ 21 ದಿನ ಹಿಡಿಯುತ್ತೆ ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ದಾಟುವಾಗ "ಕಡಿಮೆ ಅಂದರೂ" ಅನ್ನುವುದು ಉದುರಿತು. ಮುಖದ ಜಾಗಕ್ಕೆ ವ್ಯಾಯಾಮ ಬಂದು ಕೂತಿತು.

ಅಭ್ಯಾಸದ ಮೇಲೇ ನೇರವಾಗಿ ನಡೆದ ಒಂದು ಅಧ್ಯಯನ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನದು. ಫಿಲಿಪಾ ಲಾಲಿ ಮತ್ತು ಜೊತೆಗಾರರು ಮಾಡಿದ್ದು, 2009ರಲ್ಲಿ ಹೊರಬಂತು. 96 ಜನ ತಮಗೆ ಬೇಕಾದ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡು 12 ವಾರ ಮಾಡಿದರು. ಅದು ಯೋಚಿಸದೆ ತಾನಾಗೇ ಆಗುವ ಹಂತಕ್ಕೆ ಬರೋಕೆ ಎಷ್ಟು ದಿನ ಅಂತ ಲೆಕ್ಕ ಹಾಕಿದಾಗ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254 ದಿನ. ನಡುವಿನ ಅಂಕಿ 66. ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ನನಗೆ ಖುಷಿ ಕೊಟ್ಟಿದ್ದು ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ನಷ್ಟ ಆಗಲಿಲ್ಲವಂತೆ. ನನ್ನ ಎಕ್ಸೆಲ್ ಶೀಟಿಗೆ ಇದು ಗೊತ್ತಿರಲಿಲ್ಲ.

ಅಕ್ಕನಿಗೆ ಶೀಟಿನ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದಿನಾ ಹಲ್ಲುಜ್ಜೋಕೆ ಶೀಟ್ ಮಾಡಿದ್ದೀಯೇನೋ?"

"ಇಲ್ಲ."

"ಆದ್ರೂ ಒಂದಿನಾನೂ ತಪ್ಪಿಸಲ್ವಲ್ಲ. ಹೊಸದನ್ನ ಅದರ ಬಾಲಕ್ಕೆ ಕಟ್ಟು. ಒಂದೇ ಕಟ್ಟು ಮತ್ತೆ. ಎಂಟು ಕಟ್ಟಬೇಡ."

ಪೀಟರ್ ಗೋಲ್‌ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಹೆಚ್ಚೂ ಕಡಿಮೆ ಇದನ್ನೇ ಹೇಳಿದ್ದಾರೆ ಅಂತ ಆಮೇಲೆ ಗೊತ್ತಾಯಿತು. "ವ್ಯಾಯಾಮ ಮಾಡಬೇಕು" ಅಂದುಕೊಳ್ಳುವುದಕ್ಕಿಂತ "ಇಂಥದ್ದು ಆದ ಕೂಡಲೇ ಇಂಥಲ್ಲಿ ಇಂಥದ್ದು ಮಾಡ್ತೀನಿ" ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಕೆಲಸ ಆಗುವುದು ಹೆಚ್ಚು. ಅಕ್ಕ ಇದನ್ನೆಲ್ಲ ಓದಿದವಳಲ್ಲ. ಎರಡು ಮಕ್ಕಳನ್ನು ಸಾಕಿದವಳು.

ಹಾಗಾಗಿ ಹಲ್ಲುಜ್ಜುವುದರ ಬಾಲಕ್ಕೆ ಐದು ಪುಶ್‌ಅಪ್ ಕಟ್ಟಿದೆ. ನೆಲದ ಮೇಲಿನದಲ್ಲ. ಗೋಡೆಯದು. ಬ್ರಷ್ ತೊಳೆದು ಲೋಟದಲ್ಲಿ ಹಾಕಿದ ಸದ್ದು ಕೇಳಿದ ಕೂಡಲೇ ಪಕ್ಕದ ಗೋಡೆಗೆ ಎರಡೂ ಕೈ ಊರಬೇಕು. ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಮೂಗು ಗೋಡೆಯ ಹತ್ತಿರ ಹೋಗಿ ವಾಪಸು ಬರಬೇಕು. ಐದೇ ಐದು ಸಲ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಮೊದಲ ದಿನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಮಾಡಿದೆ. ಇದನ್ನು ವ್ಯಾಯಾಮ ಅಂತ ಯಾರಿಗೆ ಹೇಳೋದು? ಮಗಳು ನೋಡಿಬಿಟ್ಟಳು. "ಅಪ್ಪ, ಗೋಡೆ ಬೀಳ್ತಾ ಇದೆಯಾ?" ಅಂತ ಕೇಳಿದಳು.

ಎರಡು ವಾರದಲ್ಲಿ ಅದು ಕೂತುಬಿಟ್ಟಿತು. ಬ್ರಷ್ ಲೋಟಕ್ಕೆ ಬಿದ್ದರೆ ಕೈ ಗೋಡೆಗೆ ಹೋಗುತ್ತಿತ್ತು. ಐದು ಎಂಟಾಯಿತು, ಆಮೇಲೆ ಹನ್ನೆರಡು. ನಾನು ಯಾವತ್ತೂ ಏರಿಸಬೇಕು ಅಂತ ಏರಿಸಲಿಲ್ಲ. ಐದಕ್ಕೆ ನಿಲ್ಲಿಸೋಕೆ ಬೇಜಾರಾದಾಗ ಇನ್ನೆರಡು ಮಾಡುತ್ತಿದ್ದೆ, ಅಷ್ಟೇ. ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕುವ ಕೆಲಸ ತಾನೇ ವಹಿಸಿಕೊಂಡಳು. ನಾನು ತಪ್ಪಿಸಿದ ದಿನ ಆ ಚೌಕದಲ್ಲಿ "ರಜೆ" ಅಂತ ಬರೆಯುತ್ತಿದ್ದಳು. ಕೆಂಪು ಬಣ್ಣಕ್ಕಿಂತ ಇದು ವಾಸಿ ಅನಿಸಿತು. ರಜೆ ಅಂದರೆ ಮರುದಿನ ಕೆಲಸಕ್ಕೆ ಬರಲೇಬೇಕಲ್ಲ!

ಇಷ್ಟಾದರೂ ನನ್ನ ನಿಜವಾದ ತೊಂದರೆ ಇದ್ದದ್ದು ರಾತ್ರಿ. ಅದನ್ನು ಮುಟ್ಟೋಕೆ ಒಂದು ತಿಂಗಳು ಧೈರ್ಯ ಬರಲಿಲ್ಲ.

ನಾನು ಹಾಸಿಗೆಗೆ ಹೋಗುತ್ತಿದ್ದದ್ದು ಹತ್ತೂ ಮುಕ್ಕಾಲಿಗೆ. ನಿದ್ದೆ ಹೋಗುತ್ತಿದ್ದದ್ದು ಹನ್ನೆರಡೂವರೆಗೆ. ನಡುವಿನ ಹೊತ್ತು ಎಲ್ಲಿ ಹೋಗುತ್ತಿತ್ತು ಅಂತ ನಿಮಗೂ ಗೊತ್ತು. ಫೋನ್ ಚಾರ್ಜಿಗೆ ಹಾಕಿ, "ಅಲಾರಂ ಇಡಬೇಕು" ಅಂತ ಕೈಗೆ ತಗೊಳ್ಳುತ್ತಿದ್ದೆ. ಅಲಾರಂ ಇಡೋಕೆ ಎಷ್ಟು ಹೊತ್ತು ಬೇಕು? ಅದು ನೆಪ. ಆಮೇಲೆ ಯಾರದೋ ಜಗಳ, ಯಾರದೋ ಪ್ರವಾಸ, ಯಾವುದೋ ದೇಶದಲ್ಲಿ ಯಾರೋ ಕಟ್ಟಿಗೆ ಸೀಳುವ ವಿಡಿಯೊ. ಕಟ್ಟಿಗೆ ಸೀಳುವುದನ್ನು ನಾನು ಒಂದು ರಾತ್ರಿ ನಲವತ್ತು ನಿಮಿಷ ನೋಡಿದ್ದೇನೆ.

ಒಂದು ಶನಿವಾರ ಎದ್ದವನೇ ಚಾರ್ಜರನ್ನು ಕಿತ್ತು ಹಾಲಿನ ಪ್ಲಗ್ಗಿಗೆ ಹಾಕಿದೆ. ಮಲಗುವ ಕೋಣೆಗೆ ಮುಳ್ಳಿನ ಅಲಾರಂ ಗಡಿಯಾರ ತಂದೆ. "ಇದರ ಟಿಕ್ ಟಿಕ್‌ಗೆ ನನಗೆ ನಿದ್ದೆ ಬರಲ್ಲ ರೀ," ಅಂದಳು ಹೆಂಡತಿ. ಅದನ್ನು ಬಟ್ಟೆಯ ಬೀರುವಿನೊಳಗೆ ಇಟ್ಟೆವು. ಈಗಲೂ ಅಲ್ಲೇ ಇದೆ. ಬೆಳಿಗ್ಗೆ ಆರಿಸಬೇಕಾದರೆ ಎದ್ದು ಹೋಗಿ ಬೀರು ತೆರೆಯಬೇಕು. ಇದು ಯೋಚಿಸಿ ಮಾಡಿದ್ದಲ್ಲ, ಆದರೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಇದೇ.

ಮೊದಲ ರಾತ್ರಿ ನಡೆದದ್ದು ವಿಚಿತ್ರ. ದೀಪ ಆರಿಸಿ ಮಲಗಿದೆ. ಒಂದೆರಡು ನಿಮಿಷಕ್ಕೆ ಬಲಗೈ ಎದ್ದು ಪಕ್ಕದ ಮೇಜಿನ ಮೇಲೆ ತಡಕಾಡಿತು. ನಾನು ಹೇಳಿರಲಿಲ್ಲ. ಅದೇ ಹೋಯಿತು. ಕನ್ನಡಕದ ಡಬ್ಬಿ ಸಿಕ್ಕಿತು, ನೀರಿನ ಬಾಟಲಿ ಸಿಕ್ಕಿತು, ಬೆರಳು ಮೇಜಿನ ಅಂಚಿನವರೆಗೂ ಹೋಗಿ ವಾಪಸು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ. ಕತ್ತಲಲ್ಲಿ ನನ್ನ ಕೈಯನ್ನು ನಾನೇ ಬೇರೆ ಯಾರದೋ ಕೈಯ ಹಾಗೆ ಗಮನಿಸುತ್ತಾ ಮಲಗಿದ್ದೆ. ಅಭ್ಯಾಸ ಅಂದರೆ ಏನು ಅಂತ ಓದಿ ತಿಳಿದುಕೊಂಡಿದ್ದೆ. ಕಣ್ಣಾರೆ ಕಂಡಿದ್ದು ಅವತ್ತು.

ಮೂರನೇ ರಾತ್ರಿ ತಡೆಯಲಾಗಲಿಲ್ಲ. ಆಫೀಸಿನಿಂದ ಏನಾದರೂ ಬಂದಿರಬಹುದು ಅಂತ ಸುಳ್ಳು ಹೇಳಿಕೊಂಡು ಹಾಲಿಗೆ ಹೋದೆ. ವೈರು ಗಿಡ್ಡ. ಗೋಡೆಯ ಪಕ್ಕ ನಿಂತೇ ನೋಡಬೇಕು. ಕಾಲಿಗೆ ನೆಲ ತಣ್ಣಗೆ. ನಾಲ್ಕು ನಿಮಿಷಕ್ಕೆ ಸಾಕಾಯಿತು. ಮಲಗಿಕೊಂಡು ನಲವತ್ತು ನಿಮಿಷ ನೋಡುವುದನ್ನು ನಿಂತುಕೊಂಡು ನಾಲ್ಕು ನಿಮಿಷವೂ ನೋಡಲಾಗುವುದಿಲ್ಲ. ಫೋನಿನಲ್ಲಿ ಅಂಥ ಸ್ವಾರಸ್ಯ ಏನೂ ಇರಲಿಲ್ಲ. ಹಾಸಿಗೆಯ ಬೆಚ್ಚಗಿನ ಸುಖಕ್ಕೆ ಅದು ಅಂಟಿಕೊಂಡಿತ್ತು, ಅಷ್ಟೇ.

ಫೋನ್ ಹೋದ ತಕ್ಷಣ ನಿದ್ದೆ ಓಡಿ ಬಂತು ಅಂದುಕೊಳ್ಳಬೇಡಿ. ಮೊದಲ ವಾರ ಮೊದಲಿಗಿಂತ ಕೆಟ್ಟದಾಗಿತ್ತು. ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದರೆ ಹಗಲೆಲ್ಲ ಮೂಲೆಯಲ್ಲಿ ಕೂತಿದ್ದ ಚಿಂತೆಗಳು ಎದ್ದು ಬರುತ್ತವೆ. ಡಾಕ್ಟರಿಗೆ ಫೋನ್ ಮಾಡಿದೆ. ಮೂರು ಮಾತು ಹೇಳಿದರು. ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಒದ್ದಾಡಬೇಡಿ, ಎದ್ದು ಮಂದ ಬೆಳಕಿನಲ್ಲಿ ಕೂತು ಏನಾದರೂ ಸಪ್ಪೆ ಕೆಲಸ ಮಾಡಿ, ಕಣ್ಣು ಎಳೆದಾಗ ವಾಪಸು ಹೋಗಿ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ, ಭಾನುವಾರವೂ. ಎದ್ದ ಮೇಲೆ ಹೊರಗಿನ ಬೆಳಕಿಗೆ ಹೋಗಿ. ಹಾಸಿಗೆ ಅಂದರೆ ನಿದ್ದೆ ಅಂತ ದೇಹಕ್ಕೆ ಮತ್ತೆ ಕಲಿಸಬೇಕಂತೆ. ನಾನು ಇಷ್ಟು ವರ್ಷ ಹಾಸಿಗೆ ಅಂದರೆ ಕಟ್ಟಿಗೆ ಸೀಳುವ ವಿಡಿಯೊ ಅಂತ ಕಲಿಸಿದ್ದೆ.

ಸಪ್ಪೆ ಕೆಲಸಕ್ಕೆ ಕಾಲುಚೀಲ ಜೋಡಿಸುವುದನ್ನು ಆರಿಸಿಕೊಂಡೆ. ರಾತ್ರಿ ಹನ್ನೆರಡಕ್ಕೆ ಹಾಲಿನಲ್ಲಿ ಕೂತು ಮನೆಮಂದಿಯ ಕಾಲುಚೀಲಗಳಿಗೆ ಜೊತೆ ಹುಡುಕುತ್ತಿದ್ದೆ. ಒಂಟಿ ಕಾಲುಚೀಲ ಹನ್ನೊಂದು ಸಿಕ್ಕವು. ಅವುಗಳ ಜೊತೆಯವು ಎಲ್ಲಿ ಹೋದವು ಅನ್ನುವುದು ಇನ್ನೂ ಗೊತ್ತಾಗಿಲ್ಲ.

ಬೆಳಗಿನ ಬೆಳಕಿನ ಮಾತು ಸುಮ್ನೆ ಹೇಳಿದ್ದಲ್ಲ. ನಮ್ಮ ಮೈಯೊಳಗೆ ಸುಮಾರು 24 ತಾಸಿನ ಗಡಿಯಾರ ಒಂದಿದೆ. ಅದು ಹೇಗೆ ನಡೆಯುತ್ತೆ ಅನ್ನುವುದನ್ನು ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ 2017ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದಿದೆ. ಕಣ್ಣಿಗೆ ಬೀಳುವ ಬೆಳಕೇ ಅದನ್ನು ದಿನಾ ಸರಿಹೊಂದಿಸುವುದು. ಬೆಳಿಗ್ಗೆ ಬೆಳಕು ಕಾಣದೆ ರಾತ್ರಿ ಮಾತ್ರ ಪರದೆಯ ಬೆಳಕು ಕಂಡರೆ ಗಡಿಯಾರ ಹಿಂದೆ ಬೀಳುತ್ತೆ. ನಾನು ಎದ್ದು ಬೀರು ತೆರೆದು ಅಲಾರಂ ಆರಿಸಿ ನೇರ ಹೊರಗೆ ಹೋಗಿ ಹತ್ತು ನಿಮಿಷ ನಿಲ್ಲತೊಡಗಿದೆ. ಏನೂ ಮಾಡುವುದಿಲ್ಲ. ನಿಲ್ಲುವುದು. ಏಳುವ ಹೊತ್ತು ಆರೂಕಾಲು. ಐದಕ್ಕೆ ಏಳುವ ಆಸೆ ಬಿಟ್ಟೆ. ಐದಕ್ಕೆ ಏಳುವವರ ಬಗ್ಗೆ ನನಗೆ ಗೌರವ ಇದೆ, ಆದರೆ ಅವರು ಒಂಬತ್ತೂವರೆಗೆ ಮಲಗುತ್ತಾರೆ ಅನ್ನುವುದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ.

ಸಂಜೆ ಐದರ ಕಾಫಿಯೂ ಹೋಯಿತು. ಕುಡಿದ ಕೆಫೀನಿನಲ್ಲಿ ಅರ್ಧ ಕರಗೋಕೆ ಸುಮಾರು ಐದು ತಾಸು ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಅಂದರೆ ನಾನು ರಾತ್ರಿ ಹೆಚ್ಚೂ ಕಡಿಮೆ ಅರ್ಧ ಲೋಟ ಕಾಫಿ ಹೊಟ್ಟೆಯಲ್ಲಿ ಇಟ್ಟುಕೊಂಡೇ ಹಾಸಿಗೆಗೆ ಹೋಗುತ್ತಿದ್ದೆ. ಮಧ್ಯಾಹ್ನ ಎರಡರ ಮೇಲೆ ಬೇಡ ಅಂತ ಮಾಡಿಕೊಂಡೆ. ಮೂರು ದಿನ ತಲೆನೋವು. ಆಮೇಲೆ ಸರಿಹೋಯಿತು. ಆರನೇ ವಾರದ ಹೊತ್ತಿಗೆ ಹನ್ನೊಂದಕ್ಕೆ ಮಲಗಿ ಹನ್ನೊಂದೂಕಾಲಿಗೆ ನಿದ್ದೆ ಹೋಗುತ್ತಿದ್ದೆ. ದೊಡ್ಡವರಿಗೆ ಏಳು ತಾಸಾದರೂ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳುತ್ತಾರೆ. ನಾನು ಆ ಅಂಕಿಯನ್ನು ಬಹಳ ವರ್ಷದ ಮೇಲೆ ಮುಟ್ಟಿದ್ದೆ. ಮಧ್ಯಾಹ್ನದ ಹತ್ತಿ ತಲೆಯಿಂದ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಇಲ್ಲ ಅಂತ ಗೊತ್ತಾದದ್ದೇ ತಡವಾಗಿ.

ನಡಿಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಇನ್ನೂ ಪಾಸಾಗಿಲ್ಲ. ದಿನಕ್ಕೆ 10,000 ಹೆಜ್ಜೆ ಅನ್ನುವುದು ನನ್ನನ್ನು ಬಹಳ ಹೆದರಿಸಿತ್ತು. ನನ್ನ ಫೋನ್ ತೋರಿಸುತ್ತಿದ್ದದ್ದು ಮೂರು ಸಾವಿರದ ಚಿಲ್ಲರೆ. ಆ ಹತ್ತು ಸಾವಿರ ವೈದ್ಯರು ಬರೆದುಕೊಟ್ಟ ಲೆಕ್ಕವೇ ಅಲ್ಲವಂತೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ "ಹತ್ತು ಸಾವಿರ ಹೆಜ್ಜೆಯ ಮೀಟರ್" ಅನ್ನುವ ಅರ್ಥದ ಹೆಸರಿಟ್ಟಿದ್ದರು. ಅಲ್ಲಿಂದ ಹಬ್ಬಿದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಸ್ವಲ್ಪ ಏದುಸಿರು ಬರುವಷ್ಟು ಚುರುಕಾದ ಚಟುವಟಿಕೆ. 150 ಅಂದರೆ ದಿನಕ್ಕೆ 22 ನಿಮಿಷ. ಮಧ್ಯಾಹ್ನದ ಊಟದ ಡಬ್ಬಿ ತೊಳೆದಿಟ್ಟ ಕೂಡಲೇ ಹತ್ತು ನಿಮಿಷ, ಸಂಜೆ ಮನೆಗೆ ಬಂದು ಬ್ಯಾಗ್ ಇಳಿಸುವ ಮೊದಲೇ ಹನ್ನೆರಡು ನಿಮಿಷ. ಬ್ಯಾಗ್ ಇಳಿಸಿದರೆ ಮುಗಿಯಿತು, ನಾನು ಮತ್ತೆ ಹೊರಡುವವನಲ್ಲ. ಬಾಗಿಲ ಹತ್ತಿರ ಶೂ ಬಿಚ್ಚುವ ಮೊದಲೇ ಬ್ಯಾಗನ್ನು ಹೆಂಡತಿಯ ಕೈಗೆ ಕೊಟ್ಟು ತಿರುಗಿ ಹೋಗುತ್ತೇನೆ. ಮಧ್ಯಾಹ್ನದ್ದು ಕೂತಿದೆ. ಸಂಜೆಯದು ಎಂಟು ತಿಂಗಳಾದರೂ ಪ್ರತಿ ದಿನ ನನ್ನ ಜೊತೆ ವಾದ ಮಾಡುತ್ತೆ.

ಆಫೀಸಿನ ಲಿಫ್ಟ್ ರಿಪೇರಿಯಾಗಿ ಬಹಳ ದಿನ ಆಗಿತ್ತು. ಮೊದಲ ತಿಂಗಳು ಒಂದು ಮಹಡಿ ಹತ್ತಿ ಅಲ್ಲಿಂದ ಲಿಫ್ಟ್ ಹಿಡಿಯುತ್ತಿದ್ದೆ. ಎರಡನೇ ತಿಂಗಳು ಎರಡು ಮಹಡಿ. ಮೆಟ್ಟಿಲಿನ ಬಗ್ಗೆ ನನಗೆ ಇಷ್ಟವಾದ ಒಂದು ಕಥೆ ಇದೆ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ದಿನವಿಡೀ ಮೇಲೆ ಕೆಳಗೆ ಓಡಾಡುತ್ತಿದ್ದ. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಜೆರ್ರಿ ಮಾರಿಸ್ ಅನ್ನುವ ವೈದ್ಯರು 1953ರಲ್ಲಿ ತೋರಿಸಿದರು. ಆಮೇಲೆ ಅದೇ ಮಾರಿಸ್ ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರೆ, ಡ್ರೈವರುಗಳ ಸೊಂಟದ ಅಳತೆ ಜಾಸ್ತಿ ಇತ್ತು, ಚಿಕ್ಕ ವಯಸ್ಸಿನವರಲ್ಲೂ! ಪೂರ್ತಿ ಪುಣ್ಯ ಮೆಟ್ಟಿಲಿನದೇ ಅಲ್ಲ ಅಂತಾಯಿತು. ತನ್ನ ಲೆಕ್ಕವನ್ನು ತಾನೇ ಕೆದಕಿ ನೋಡಿದ ಮನುಷ್ಯನ ಮೇಲೆ ನನಗೆ ನಂಬಿಕೆ ಹೆಚ್ಚಿತು. ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ.

ಊಟದಲ್ಲಿ ಮಾಡಿದ್ದು ಒಂದೇ. ಪರದೆ ನೋಡುತ್ತಾ ಉಣ್ಣುವುದನ್ನು ಬಿಟ್ಟೆ. ಮೂರು ಲೀಟರ್ ನೀರಿಗೆ ಅಂತ ಹಾಕಿಕೊಂಡಿದ್ದ ಆ್ಯಪ್ ಮೀಟಿಂಗಿನ ನಡುವೆ ಗುಳುಗುಳು ಸದ್ದು ಮಾಡಿ ಮಾನ ಕಳೆಯಿತು. ತೆಗೆದುಹಾಕಿದೆ. ಈಗ ಬಾಯಾರಿದಾಗ ಕುಡಿಯುತ್ತೇನೆ.

ಧ್ಯಾನವೂ ನನಗೆ ಒಗ್ಗಲಿಲ್ಲ. ಅದು ಒಗ್ಗಿದವರನ್ನು ನೋಡಿದ್ದೇನೆ, ಸುಳ್ಳಲ್ಲ. ನನಗೆ ಉಳಿದದ್ದು ಅದರ ಒಂದು ತುಣುಕು. ಆಫೀಸಿನಲ್ಲಿ ಲ್ಯಾಪ್‌ಟಾಪ್ ಮುಚ್ಚಳ ತೆರೆದು ಅದು ಎಚ್ಚರಾಗುವ ಹೊತ್ತಿನಲ್ಲಿ ಆರು ಉಸಿರು. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತೆ, ನಾಡಿ ಹಿಡಿದು ನೋಡಿದರೆ ಗೊತ್ತಾಗುತ್ತೆ. ಒಂದು ನಿಮಿಷದ ಕೆಲಸ. ಮೊದಲ ಇಮೇಲ್ ಓದುವಾಗ ಹಲ್ಲು ಕಚ್ಚುತ್ತಿದ್ದೆನಲ್ಲ, ಅದು ಕಡಿಮೆಯಾಯಿತು.

ಇನ್ನೊಂದು, ನೋಟ್‌ಬುಕ್. ಹಾಲಿನಲ್ಲಿ ಫೋನನ್ನು ಚಾರ್ಜಿಗೆ ಹಾಕುವ ಜಾಗದಲ್ಲೇ ಒಂದು ಸಣ್ಣ ನೋಟ್‌ಬುಕ್ ಮತ್ತು ಪೆನ್ ಇಟ್ಟೆ. ಫೋನ್ ಪ್ಲಗ್ಗಿಗೆ ಹೋದ ಮೇಲೆ ಮೂರು ಸಾಲು. ಇವತ್ತು ಏನಾಯಿತು, ಮನಸ್ಸು ಹೇಗಿದೆ, ನಾಳೆ ಯಾವುದು ಕೊರೆಯುತ್ತಿದೆ. ಚೆಂದ ಬರೆಯಬೇಕಿಲ್ಲ. "ಸುಸ್ತು. ಪರವಾಗಿಲ್ಲ. ಬ್ಯಾಂಕಿನ ಕೆಲಸ." ಹೀಗಿರುತ್ತಿತ್ತು. ಕೊರೆಯುವುದನ್ನು ಕಾಗದಕ್ಕೆ ಹಾಕಿದರೆ ಅದು ಹಾಸಿಗೆಯವರೆಗೆ ಹಿಂದೆ ಬರುವುದು ಕಡಿಮೆ.

ಈ ನೋಟ್‌ಬುಕ್ ನನಗೆ ಇನ್ನೊಂದು ಉಪಕಾರ ಮಾಡಿತು. ಅದಕ್ಕೆ ಸ್ವಲ್ಪ ಹಿಂದಿನದು ಹೇಳಬೇಕು.

ನಾಲ್ಕನೇ ತಿಂಗಳಲ್ಲಿ ಅಪ್ಪ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್, ಆಸ್ಪತ್ರೆ, ಆಮೇಲೆ ಮನೆಯಲ್ಲಿ ಆರೈಕೆ. 19 ದಿನ ನಾನೂ ಅಕ್ಕನೂ ಪಾಳಿ ಹಾಕಿಕೊಂಡು ಓಡಾಡಿದೆವು. ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಫೋನ್ ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದೆ. ಸಂಜೆ ಐದಕ್ಕೂ ಕಾಫಿ, ಎಂಟಕ್ಕೂ ಕಾಫಿ. ಗೋಡೆ ಬೇಕಾದಷ್ಟಿತ್ತು, ಪುಶ್‌ಅಪ್ ಮಾತ್ರ ನೆನಪಾಗಲಿಲ್ಲ. ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ ಮಗಳು ಅಷ್ಟೂ ಚೌಕಗಳ ಮೇಲೆ ಉದ್ದಕ್ಕೆ ಒಂದೇ ಒಂದು "ರಜೆ" ಬರೆದಿದ್ದಳು. ಅಕ್ಷರಗಳನ್ನು ಎಳೆದು ಎಳೆದು.

ಹಳೆಯ ನಾನಾಗಿದ್ದರೆ ಆ ಭಾನುವಾರ ಮತ್ತೆ ಎಕ್ಸೆಲ್ ತೆಗೆಯುತ್ತಿದ್ದೆ. ಈ ಸಲ ಮೊದಲ ರಾತ್ರಿ ಚಾರ್ಜರ್ ಮಾತ್ರ ಹಾಲಿಗೆ ಹಾಕಿದೆ. ಬೇರೇನೂ ಇಲ್ಲ. ಎರಡನೇ ದಿನ ಬ್ರಷ್ ಲೋಟಕ್ಕೆ ಬಿದ್ದ ಸದ್ದಿಗೆ ಕೈ ತಾನಾಗೇ ಗೋಡೆಗೆ ಹೋಯಿತು. ಹನ್ನೆರಡು ಮಾಡುತ್ತಿದ್ದವನಿಗೆ ಐದಕ್ಕೇ ತೋಳು ನಡುಗಿತು. ಐದಕ್ಕೆ ನಿಲ್ಲಿಸಿದೆ. ಅಪ್ಪ ಕೋಲು ಹಿಡಿದು ಕೋಣೆಯಿಂದ ಹಾಲಿನವರೆಗೆ ನಡೆಯುವ ಅಭ್ಯಾಸ ಮಾಡುತ್ತಿದ್ದರು. ದಿನಕ್ಕೆ ಎರಡು ಹೆಜ್ಜೆ ಹೆಚ್ಚು. ನನ್ನನ್ನು ನೋಡಿ, "ನೀನೂ ನನ್ನ ಕ್ಲಾಸೇ ಆದ್ಯಲ್ಲೋ," ಅಂದರು.

ಅಭ್ಯಾಸಗಳು ಒಂದೊಂದಾಗಿ ಹಿಂದಿರುಗಿದವು. ಮನಸ್ಸು ಹಿಂದಿರುಗಲಿಲ್ಲ. ಅಪ್ಪ ಚೇತರಿಸಿಕೊಳ್ಳುತ್ತಿದ್ದರು, ನಿದ್ದೆ ಬರುತ್ತಿತ್ತು, ಆದರೂ ಯಾವುದರಲ್ಲೂ ರುಚಿ ಇಲ್ಲ. ಒಂದು ರಾತ್ರಿ ಮೂರು ಸಾಲು ಬರೆಯುವಾಗ ಸುಮ್ನೆ ಹಿಂದಿನ ಪುಟ ತಿರುವಿದೆ. ಎರಡನೇ ಸಾಲಿನಲ್ಲಿ "ಏನೂ ಬೇಡ ಅನಿಸ್ತಿದೆ." ಅದರ ಹಿಂದಿನ ಪುಟದಲ್ಲೂ ಅದೇ. ಎಣಿಸಿದೆ. 16 ದಿನ ಒಂದೇ ಮಾತು. ದಿನಾ ಬರೆಯುವಾಗ ಅದು ಅವತ್ತಿನ ಮಾತು ಅನಿಸಿತ್ತು. ಒಟ್ಟಿಗೆ ನೋಡಿದಾಗ ಹೆದರಿಕೆಯಾಯಿತು. ಬೇಸರ ಎರಡು ವಾರ ಬಿಡದೆ ಹಿಡಿದರೆ ತೋರಿಸಿಕೊಳ್ಳಬೇಕು ಅಂತ ಓದಿದ್ದು ನೆನಪಿತ್ತು. ನೋಟ್‌ಬುಕ್ ಎತ್ತಿಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಒಬ್ಬ ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ಆರು ಸಲ ಹೋಗಿ ಮಾತಾಡಿ ಬಂದೆ. ಏನು ಮಾತಾಡಿದೆ ಅನ್ನುವುದು ಇಲ್ಲಿ ಬೇಡ. ಗೋಡೆ ತಳ್ಳಿ, ಬೆಳಕಿನಲ್ಲಿ ನಿಂತು ಹೋಗುವಂಥದ್ದಲ್ಲ ಅದು. ಎಲ್ಲವೂ ಅಭ್ಯಾಸದಿಂದ ಸರಿಹೋಗುತ್ತೆ ಅನ್ನುವವರ ಮಾತು ಕೇಳಿ ಕೂತಿದ್ದರೆ ಇನ್ನೂ ಅದೇ ಸಾಲು ಬರೆಯುತ್ತಿದ್ದೆನೇನೋ.

ಎಂಟನೇ ತಿಂಗಳಲ್ಲಿ ಬಿಪಿ 126/80. ತೂಕ ಇಳಿದದ್ದು ಎರಡೇ ಕೆಜಿ. ಕುತ್ತಿಗೆ ನೋವು ಅರ್ಧ ಹೋಗಿದೆ, ಉಳಿದ ಅರ್ಧ ಹಾಗೇ ಇದೆ. ಮನೆಯಲ್ಲಿ ಚಮಚ ಬೀಳುವುದು ನಿಂತಿಲ್ಲ. ನಾನು ಕೂಗುವುದು ಕಡಿಮೆಯಾಗಿದೆ ಅಂತ ಹೆಂಡತಿ ಹೇಳುತ್ತಾಳೆ. ನಿಂತಿದೆ ಅಂತ ಹೇಳುವುದಿಲ್ಲ.

ಕಳೆದ ವಾರ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದೆ. ಹೋಟೆಲಿನ ಕೋಣೆಯಲ್ಲಿ ಪ್ಲಗ್ ಇದ್ದದ್ದು ಎರಡೇ. ಒಂದು ತಲೆದಿಂಬಿನ ಪಕ್ಕ, ಇನ್ನೊಂದು ಬಾತ್‌ರೂಮಿನ ಕನ್ನಡಿಯ ಪಕ್ಕ. ಸ್ವಲ್ಪ ಹೊತ್ತು ಚಾರ್ಜರ್ ಹಿಡಿದು ಕೋಣೆಯ ನಡುವೆ ನಿಂತಿದ್ದೆ. ಆಮೇಲೆ ಬಾತ್‌ರೂಮಿಗೆ ಹಾಕಿ, ಬಾಗಿಲು ಎಳೆದು ಬಂದು ಮಲಗಿದೆ. ಬೆಳಿಗ್ಗೆ ನೋಡಿದರೆ ಮನೆಯಿಂದ ನಾಲ್ಕು ಮಿಸ್ಡ್ ಕಾಲ್.

"ಎಲ್ಲಿದ್ರಿ? ಎಷ್ಟು ಸಲ ಮಾಡಿದೆ!" ಅಂದಳು ಹೆಂಡತಿ.

"ಮಲಗಿದ್ದೆ."

"ಮತ್ತೆ ಫೋನು?"

"ಬಾತ್‌ರೂಮಲ್ಲಿತ್ತು."

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಅಲ್ಲಾ ರೀ, ಅಲ್ಲಿ ಹಾಲ್ ಇರಲಿಲ್ವಾ?" ಅಂದಳು.